ಪ್ರಭಾರ ಹೆಡ್‌ಮಾಸ್ಟರ್, ಖಾಲಿ ಕುರ್ಚಿ, ತಪ್ಪಿದ ಫಾರಂ

ತೊಗರಿಹೊಲ:

ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನದಿಂದ ಓದಿ.

ನಮ್ಮೂರು ಕಲಬುರಗಿ ಕಡೆ. ಈಗ ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡಿಕೊಂಡಿದ್ದೇನೆ. ಹೋದ ಸಲ ಊರಿಗೆ ಹೋಗಿದ್ದಾಗ ಅಕ್ಕ ಒಂದು ಪ್ಲಾಸ್ಟಿಕ್ ಕವರ್ ತಂದು ಮುಂದಿಟ್ಟಳು. ಒಳಗೆ ರೇಷನ್ ಕಾರ್ಡು, ಆಧಾರ್, ನಾಡಕಚೇರಿಯಲ್ಲಿ ಮಾಡಿಸಿದ ಜಾತಿ-ಆದಾಯ ಪತ್ರ, ನಾಲ್ಕು ಪಾಸ್‌ಪೋರ್ಟ್ ಸೈಜಿನ ಫೋಟೊ. "ತಮ್ಮಾ, ಮೊರಾರ್ಜಿ ಫಾರಂ ತುಂಬಾಕ ಬರವಲ್ದಂತ, ನೀ ಸ್ವಲ್ಪ ನೋಡು" ಅಂದಳು. ಮಗಳು ಐದನೇ ಕ್ಲಾಸು. ಓದಿನಲ್ಲಿ ಚುರುಕು. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಸೇರಬೇಕು ಅಂದರೆ ಐದರಲ್ಲಿ ಇರುವಾಗಲೇ ಪ್ರವೇಶ ಪರೀಕ್ಷೆ ಬರೆಯಬೇಕು. ಸೀಟು ಆರಕ್ಕೆ.

ತೊಂದರೆ ಏನು ಅಂತ ನೋಡಿದರೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆಧಾರ್‌ನಲ್ಲಿ ಹುಡುಗಿಯ ಹೆಸರಿನ ಕೊನೆಗೆ 'ಮ್ಮ' ಇದೆ. ಶಾಲೆಯ ಸ್ಯಾಟ್ಸ್‌ನಲ್ಲಿ, ಅಂದರೆ ಮಕ್ಕಳ ವಿವರ ಇಡುವ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ, ಇಲ್ಲ. ಜಾತಿ ಪತ್ರ ಆಧಾರ್ ನೋಡಿ ಮಾಡಿದ್ದು, ಅಲ್ಲೂ 'ಮ್ಮ' ಇದೆ. ಸ್ಯಾಟ್ಸ್‌ನಲ್ಲಿ ಸರಿಮಾಡಿಸಬೇಕು ಅಂದರೆ ಮುಖ್ಯ ಗುರುಗಳು ಪತ್ರ ಬರೆಯಬೇಕು. ಶಾಲೆಗೆ ಹೋದೆ. ಮುಖ್ಯ ಗುರುಗಳು ಇಲ್ಲ. ಅವತ್ತು ಇರಲಿಲ್ಲ ಅಂತಲ್ಲ, ಹುದ್ದೆಯೇ ಇಲ್ಲ. ಇರುವವರು ಪ್ರಭಾರ, ಅಂದರೆ ಪಾಠದ ಜೊತೆಗೆ ಆ ಕೆಲಸವನ್ನೂ ಹೊತ್ತ ಶಿಕ್ಷಕರು. ಅವರು ಮೀಟಿಂಗ್ ಅಂತ ತಾಲ್ಲೂಕಿಗೆ ಹೋಗಿದ್ದರು. ಎರಡನೇ ಶಿಕ್ಷಕರು ಮತದಾರರ ಪಟ್ಟಿ ಹಿಡಿದು ಮನೆ ಮನೆ ತಿರುಗುತ್ತಿದ್ದರು. ಮೂರನೆಯವರು ಅತಿಥಿ ಶಿಕ್ಷಕಿ. ಐದೂ ಕ್ಲಾಸನ್ನು ಎರಡು ಕೋಣೆಯಲ್ಲಿ ಕೂರಿಸಿಕೊಂಡು ಒಬ್ಬರೇ ಒದ್ದಾಡುತ್ತಿದ್ದರು. "ಸರ್, ನನಗೆ ಪಾಸ್‌ವರ್ಡ್ ಗೊತ್ತಿಲ್ಲ" ಅಂದರು. ಮರುದಿನವೂ ಹೋದೆ. ಅವತ್ತೇ ಕೊನೆಯ ದಿನ, ಸಂಜೆಗೆ ಮುಗಿದೇ ಹೋಯಿತು.

ಇಪ್ಪತ್ತು ವರ್ಷದ ಹಿಂದೆ ಇದೇ ಶಾಲೆಯಲ್ಲಿ ನಾನೂ ಐದನೇ ಕ್ಲಾಸಿನಲ್ಲಿದ್ದೆ. ಆಗ ಖಾಯಂ ಹೆಡ್‌ಮಾಸ್ಟರ್ ಇದ್ದರು. ಒಂದು ರಾತ್ರಿ ಊಟದ ಹೊತ್ತಿಗೆ ಟಿವಿಎಸ್ ಮೊಪೆಡ್ ಹತ್ತಿಕೊಂಡು ಮನೆಗೆ ಬಂದರು. ಅಪ್ಪ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದ. ಕರೆಂಟ್ ಇರಲಿಲ್ಲ. ಬುಡ್ಡಿ ದೀಪ ಹತ್ತಿರ ಎಳೆದುಕೊಂಡು, ಫಾರಂ ಮೇಲೆ ಎಣ್ಣೆ ಬೀಳದ ಹಾಗೆ ಕೈ ಅಡ್ಡ ಇಟ್ಟು, ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡರು. ಇಂಕ್ ಪ್ಯಾಡ್ ಕೂಡ ಅವರೇ ತಂದಿದ್ದರು. "ಇವನ್ನ ಗುಳೆ ಕರಕೊಂಡು ಹೋಗಬ್ಯಾಡ್ರಿ, ಪರೀಕ್ಷೆ ಮುಗಿಯೋತನ ನಮ್ಮ ಮನಿಯಾಗ ಇರಲಿ" ಅಂದರು. ಹದಿನೇಳು ದಿನ ಅವರ ಮನೆಯಲ್ಲಿದ್ದೆ. ಅವರ ಹೆಂಡತಿ ದಿನಾ ಎರಡು ರೊಟ್ಟಿ ಜಾಸ್ತಿ ಬಡಿಯುತ್ತಿದ್ದರು. ಸೀಟು ಸಿಕ್ಕಿತು. ಈಗ ತಿಂಗಳ ಸಂಬಳ ಅಂತ ಏನು ಎಣಿಸುತ್ತೇನೋ ಅದು ಶುರುವಾದದ್ದು ಆ ಹೆಬ್ಬೆಟ್ಟಿನಿಂದ.

ಅದೇ ಶಾಲೆ, ಅದೇ ಮನೆ. ನನಗೆ ಸಿಕ್ಕಿದ್ದು ಅಕ್ಕನ ಮಗಳಿಗೆ ಸಿಗಲಿಲ್ಲ. ಶಿಕ್ಷಣ ಸುಧಾರಣೆ ಅಂದ ಕೂಡಲೇ ನಾವು ಮಾಧ್ಯಮ, ಪಠ್ಯಪುಸ್ತಕ, ಸ್ಮಾರ್ಟ್ ಕ್ಲಾಸ್ ಅಂತ ಕಿತ್ತಾಡುತ್ತೇವೆ. ಬಡವರ ಮನೆಯ ಮಗುವಿಗೆ ಮೊದಲು ಬೇಕಾಗುವುದು ಯಾವ ಕಾಗದ ಯಾವ ದಿನದೊಳಗೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿರುವ ಒಬ್ಬರು ಶಾಲೆಯಲ್ಲಿ ಇರುವುದು. ಆ ಒಬ್ಬರ ಕುರ್ಚಿಯೇ ಯಾಕೆ ಖಾಲಿ? ನಿಮ್ಮ ಕಡೆ ಹೇಗಿದೆ ಹೇಳಿ.

ಸೀಮೆಸುಣ್ಣ:

ನಿಮ್ಮೂರಿನ ಆ ಪ್ರಭಾರ ನಾನಲ್ಲ. ಆದರೆ ನಾನೂ ಪ್ರಭಾರನೇ. ಓದುತ್ತಾ ಕಿವಿ ಬಿಸಿಯಾಯಿತು.

ಹುದ್ದೆ ಯಾಕಿಲ್ಲ ಅಂತ ಕೇಳಿದಿರಲ್ಲ, ಅದು ಕಾಯ್ದೆಯಲ್ಲೇ ಬರೆದಿದೆ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಒಂದರಿಂದ ಐದರ ಶಾಲೆಯಲ್ಲಿ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು. ಪ್ರತ್ಯೇಕ ಮುಖ್ಯ ಶಿಕ್ಷಕ ಬೇಕು ಅಂದರೆ ಮಕ್ಕಳು 150 ದಾಟಬೇಕು. ಆರರಿಂದ ಎಂಟಕ್ಕೆ 100 ದಾಟಬೇಕು. ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 150 ಮಕ್ಕಳನ್ನು ಎಲ್ಲಿಂದ ತರೋಣ? ನನ್ನ ಶಾಲೆಯಲ್ಲಿ 72. ಹಾಗಾಗಿ ಹೆಡ್‌ಮಾಸ್ಟರ್ ಕೆಲಸ ಇದೆ, ಹೆಡ್‌ಮಾಸ್ಟರ್ ಇಲ್ಲ. ಇರುವವರಲ್ಲಿ ಸೀನಿಯರ್ ಯಾರೋ ಅವರ ಕೊರಳಿಗೆ ಬೀಗದ ಕೈ ಗೊಂಚಲು.

ನನ್ನ ದಿನ ಹೇಗೆ ಶುರುವಾಗುತ್ತದೆ ಹೇಳುತ್ತೇನೆ. ಹಾಲಿನ ಪುಡಿಯನ್ನು ಮೊದಲು ಉಗುರುಬೆಚ್ಚಗಿನ ನೀರಲ್ಲಿ ಕಲಸಬೇಕು. ಸೀದಾ ಕುದಿಯುವ ನೀರಿಗೆ ಹಾಕಿದರೆ ಗಂಟು ಗಂಟು, ಮಕ್ಕಳು ಉಗಿಯುತ್ತಾರೆ. ಅಡುಗೆಯವರು ಬರದ ದಿನ ಅದು ನನ್ನ ಕೆಲಸ. ಆಮೇಲೆ ಹಾಜರಿ. ಆಮೇಲೆ ಎಷ್ಟು ಮಕ್ಕಳು ಊಟ ಮಾಡುತ್ತಾರೆ ಅಂತ ಲೆಕ್ಕ ಕಳಿಸುವುದು. ಮೊಟ್ಟೆ ತಿನ್ನುವವರು ಎಷ್ಟು, ಬಾಳೆಹಣ್ಣು ಅಥವಾ ಚಿಕ್ಕಿ ಎಷ್ಟು, ಅದಕ್ಕೆ ಬೇರೆ ರಿಜಿಸ್ಟರ್. ಮೊಟ್ಟೆಗೆ 6 ರೂಪಾಯಿ ಲೆಕ್ಕ, ಬೇಯಿಸುವ ಸುಲಿಯುವ ಖರ್ಚೂ ಅದರಲ್ಲೇ. ಅಂಗಡಿಯಲ್ಲಿ ಮೊಟ್ಟೆ ಬೆಲೆ ಏರಿದ ವಾರ ವ್ಯತ್ಯಾಸ ನನ್ನ ಜೇಬಿನಿಂದ. ವರ್ಷಕ್ಕೆ ಶಾಲಾ ಅನುದಾನ, 31ರಿಂದ 100 ಮಕ್ಕಳಿರುವ ಶಾಲೆಗೆ 25,000. ಸುಣ್ಣ, ಬೀಗ, ನಲ್ಲಿ, ಕಾಗದ, ಟಾಯ್ಲೆಟ್‌ನ ಆಸಿಡ್, ಎಲ್ಲ ಇದರಲ್ಲೇ. ಕರೆಂಟ್ ನೀರು ಪುಕ್ಕಟೆ ಅಂತ 2023ರ ರಾಜ್ಯೋತ್ಸವದ ದಿನ ಘೋಷಣೆ ಮಾಡಿದರು, ಅಷ್ಟು ಪುಣ್ಯ.

ಇದೆಲ್ಲದರ ನಡುವೆ ನಾಲ್ಕು ಮತ್ತು ಐದಕ್ಕೆ ಗಣಿತ, ಪರಿಸರ ಅಧ್ಯಯನ ನನ್ನದೇ. 2025ರ ದಸರೆಗೆ ರಾಜ್ಯದ ಜಾತಿ ಸಮೀಕ್ಷೆ ಬಂತು, ರಜೆ ಅಕ್ಟೋಬರ್ 18ರ ತನಕ ಎಳೆದರು. ಮಕ್ಕಳಿಗೆ ರಜೆ, ನಮಗೆ ಮನೆ ಮನೆ ಸ್ಟಿಕ್ಕರ್.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಒಪ್ಪಿಕೊಳ್ಳಬೇಕು. ನಿಮ್ಮ ಹೆಡ್‌ಮಾಸ್ಟರ್ ರಾತ್ರಿ ನಿಮ್ಮ ಮನೆಗೆ ಬಂದ ಹಾಗೆ ನಾನು ಯಾರ ಮನೆಗೂ ಹೋಗಿಲ್ಲ. ಫಾರಂ ಬಂದಿದೆ ಅಂತ ಪ್ರಾರ್ಥನೆಯ ಹೊತ್ತಿಗೆ ಹೇಳುತ್ತೇನೆ. ಕೇಳಿಸಿಕೊಂಡವರು ಕೇಳಿಸಿಕೊಂಡರು.

ಲೆಕ್ಕ_ತಪ್ಪಿದವ:

ಕಥೆ ಚೆನ್ನಾಗಿದೆ, ಕಣ್ಣಲ್ಲಿ ನೀರೂ ಬಂತು. ಆದರೆ ಒಬ್ಬ ಒಳ್ಳೆ ಹೆಡ್‌ಮಾಸ್ಟರ್ ಕಥೆಯಿಂದ ನೀತಿ ಮಾಡಲು ಆಗುವುದಿಲ್ಲ. ಅಂಕಿ ನೋಡಿ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ರಾಜ್ಯದ ಫಲಿತಾಂಶ ಶೇ 62.34. ದಕ್ಷಿಣ ಕನ್ನಡ 91.12. ಕಲಬುರಗಿ 42.43. ದಕ್ಷಿಣ ಕನ್ನಡದಲ್ಲಿ ಹೆಡ್‌ಮಾಸ್ಟರುಗಳೆಲ್ಲ ದೇವರು, ಕಲಬುರಗಿಯಲ್ಲಿ ಎಲ್ಲ ಸೋಮಾರಿಗಳು ಅಂತೀರಾ? ಅಲ್ಲಿ ಅಮ್ಮಂದಿರು ಓದಿದ್ದಾರೆ, ಬೀಡಿ ಕಟ್ಟಿಯಾದರೂ ಓದಿಸಿದ್ದಾರೆ, ಶಾಲೆಗಳು ನೂರು ವರ್ಷದಿಂದ ಇವೆ. ಇಲ್ಲಿ ನಿಜಾಮನ ಕಾಲದಲ್ಲಿ ಕನ್ನಡ ಶಾಲೆ ಹುಡುಕಬೇಕಿತ್ತು.

ಪ್ರಾದೇಶಿಕ ಅಸಮತೋಲನದ ಬಗ್ಗೆ ನಂಜುಂಡಪ್ಪ ವರದಿ 2002ರಲ್ಲೇ ಹೇಳಿದೆ, 175 ತಾಲ್ಲೂಕಿನಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ ಹೆಚ್ಚಿನವು ನಮ್ಮ ಕಡೆಯವೇ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬಂತು, ಸೀಟು ಬಂತು, ನೌಕರಿಯಲ್ಲಿ ಮೀಸಲು ಬಂತು. ಒಳ್ಳೆಯದೇ. ಆದರೆ ಸೀಟು ಇರುವುದು ಪಿಯುಸಿ ದಾಟಿದವರಿಗೆ ತಾನೇ? ಹತ್ತರಲ್ಲೇ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಬಿದ್ದರೆ ಆ ಮೀಸಲು ಯಾರಿಗೆ?

ಇನ್ನೊಂದು. 2023ರಲ್ಲಿ ರಾಜ್ಯದ ಫಲಿತಾಂಶ 83.89 ಇತ್ತು. 2024ರಲ್ಲಿ ಪರೀಕ್ಷಾ ಕೋಣೆಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಗ್ರೇಸ್ ಅಂಕ ಶೇ 20ಕ್ಕೆ ಏರಿಸಿದ ಮೇಲೂ 73.40ಕ್ಕೆ ಇಳಿಯಿತು. ಅಷ್ಟು ವರ್ಷ 'ನಮ್ಮ ಶಾಲೆ ಶೇ 100' ಅಂತ ಬ್ಯಾನರ್ ಕಟ್ಟಿಸಿಕೊಂಡ ಕೆಲವು ಮುಖ್ಯ ಶಿಕ್ಷಕರ ನಾಯಕತ್ವ ಎಂಥದ್ದಿತ್ತು ಅಂತ ಆಗ ಗೊತ್ತಾಯಿತು.

ತೊಗರಿಹೊಲ:

@ಲೆಕ್ಕ_ತಪ್ಪಿದವ ಸರ್, ಕ್ಯಾಮೆರಾ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಿಲ್ಲ. ನಮ್ಮ ಕಡೆ ಹತ್ತನೇ ಕ್ಲಾಸಿನ ಪರೀಕ್ಷೆ ಅಂದರೆ ಹಿಂದೆ ಶಾಲೆಯ ಕಾಂಪೌಂಡ್ ಮೇಲೆ ಊರೇ ಕೂತಿರುತ್ತಿತ್ತು. ಆದರೆ ನಾನು ಫಲಿತಾಂಶದ ಬಗ್ಗೆ ಕೇಳುತ್ತಿಲ್ಲ. ಪರೀಕ್ಷೆಯ ಬಾಗಿಲಿಗೇ ಹೋಗದ ಮಗುವಿನ ಬಗ್ಗೆ ಕೇಳುತ್ತಿದ್ದೇನೆ. ಜಿಲ್ಲೆ ಹಿಂದುಳಿದಿದ್ದರೆ ಅಲ್ಲಿ ಹೆಡ್‌ಮಾಸ್ಟರ್ ಇನ್ನೂ ಜಾಸ್ತಿ ಬೇಕಲ್ವಾ? ಓದಿದ ಅಮ್ಮ ಮನೆಯಲ್ಲಿದ್ದರೆ ಫಾರಂ ಅವಳೇ ತುಂಬುತ್ತಾಳೆ. ನಮ್ಮಕ್ಕ ಏಳನೇ ಕ್ಲಾಸು.

ಆಟೋ_ಮೀಟರ್:

ಬೆಂಗಳೂರಲ್ಲಿ ಆಟೋ ಓಡಿಸ್ತೀನಿ. ನನ್ನದೂ ಒಂದು ಫಾರಂ ಕಥೆ.

2014ರಲ್ಲಿ ಮಗನಿಗೆ ಆರ್‌ಟಿಇಯಲ್ಲಿ ಎಲ್‌ಕೆಜಿ ಸೀಟು ಸಿಕ್ಕಿತು, ಹತ್ತಿರದ ಖಾಸಗಿ ಶಾಲೆ. ಶೇ 25 ಸೀಟು ಬಡವರಿಗೆ ಅಂತ ಇತ್ತಲ್ಲ, ಅದು. ನಮ್ಮ ಬೀದಿಯಲ್ಲಿ ಸಿಹಿ ಹಂಚಿದ್ದೆ. ಮಗಳ ಸರದಿ ಬರುವ ಹೊತ್ತಿಗೆ 2019. ಒಂದು ಕಿಲೋಮೀಟರ್ ಒಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಸೀಟು ಇಲ್ಲ ಅಂತ ನಿಯಮ ಬದಲಾಯಿತು. ಹೈಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಅಣ್ಣ ಟೈ ಕಟ್ಟಿಕೊಂಡು ಹೋಗ್ತಾನೆ, ತಂಗಿ ಬೇರೆ ಶಾಲೆ. ಅವಳಿಗೆ ಏನು ಅಂತ ಹೇಳಲಿ?

ತಮಾಷೆ ಇರೋದು ಮುಂದೆ. ಆರ್‌ಟಿಇ ಎಂಟನೇ ಕ್ಲಾಸಿಗೆ ಮುಗಿಯುತ್ತೆ. ಒಂಬತ್ತಕ್ಕೆ ಬಂದಾಗ ಪೂರ್ತಿ ಫೀಸು ಕಟ್ಟಿ ಅಂದರು. ನನ್ನ ಕೈಲಿ ಆಗಲ್ಲ ಅಂದೆ. ಅಲ್ಲಿನ ಪ್ರಿನ್ಸಿಪಾಲರನ್ನು ಭೇಟಿ ಮಾಡಲು ಮೂರು ದಿನ ರಿಸೆಪ್ಷನ್‌ನಲ್ಲಿ ಕೂತಿದ್ದೆ. ಹತ್ತು ವರ್ಷ ಅದೇ ಶಾಲೆಯಲ್ಲಿ ಓದಿದ ಹುಡುಗನ ಅಪ್ಪ ನಾನು. ಒಳಗೆ ಕರೆಯಲೇ ಇಲ್ಲ. ಕೊನೆಗೆ ಟಿಸಿ ತಗೊಂಡು ಸರ್ಕಾರಿ ಹೈಸ್ಕೂಲಿಗೆ ಹಾಕಿದೆ. ಅಲ್ಲಿ ಹೆಡ್ ಮೇಡಂ ಗೇಟ್ ಹತ್ತಿರವೇ ನಿಂತಿರುತ್ತಾರೆ. ಮೊದಲ ದಿನವೇ ಮಗನನ್ನು ಕೇಳಿದರು, ಕನ್ನಡ ಬರೆಯೋಕೆ ಬರುತ್ತಾ ಅಂತ. ಬರಲ್ಲ ಅಂದ. ದಿನಾ ಬೆಳಗ್ಗೆ ಇಪ್ಪತ್ತು ನಿಮಿಷ ಬೇಗ ಬಾ ಅಂದರು. ಒಂದು ವರ್ಷ ಕಾಗುಣಿತ ಬರೆಸಿದರು. ಒಂಬತ್ತನೇ ಕ್ಲಾಸಿನ ಹುಡುಗನಿಗೆ ಕಾಗುಣಿತ! ನನಗೆ ನಾಚಿಕೆ ಆಯಿತು, ಅವನಿಗೆ ಆಗಲಿಲ್ಲ.

ನಾಯಕತ್ವ ಗೀಯಕತ್ವ ಅಂದರೆ ಏನು ಅಂತ ನನಗೆ ಗೊತ್ತಿಲ್ಲ ಸ್ವಾಮಿ. ಗೇಟ್ ಹತ್ತಿರ ನಿಲ್ಲೋರು ಯಾರು, ಒಳಗೆ ಎಸಿ ಹಾಕಿಕೊಂಡು ಕೂರೋರು ಯಾರು ಅಂತ ಗೊತ್ತು.

ಹಳೇ_ಗಂಟೆ:

ನಿವೃತ್ತ ಮುಖ್ಯ ಶಿಕ್ಷಕ ನಾನು, ಮೈಸೂರು ಜಿಲ್ಲೆ. ಗೇಟ್ ಹತ್ತಿರ ನಿಲ್ಲುವ ಮೇಡಂ ಬಗ್ಗೆ ಓದಿ ಸಂತೋಷವಾಯಿತು.

ಸುಧಾರಣೆ ಅನ್ನುವುದು ಹೇಗೆ ಹುಟ್ಟುತ್ತದೆ, ಹೇಗೆ ಸೊರಗುತ್ತದೆ ಅನ್ನುವುದಕ್ಕೆ ನಾನು ಕಣ್ಣಾರೆ ಕಂಡ ಒಂದು ಉದಾಹರಣೆ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಶುರುವಾಯಿತು. ನಮ್ಮ ಕಡೆಯ ಶಿಕ್ಷಕರೇ ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಕಾರ್ಡು ಇಟ್ಟುಕೊಂಡು ಮಕ್ಕಳು ತಮ್ಮ ಪಾಡಿಗೆ ತಾವು ಕಲಿಯುವುದನ್ನು ನೋಡಿ ಬಂದರು. ಬಂದವರು ಹಾಗೇ ನಕಲು ಹೊಡೆಯಲಿಲ್ಲ. ರಾತ್ರಿ ಕೂತು ರಟ್ಟು ಕತ್ತರಿಸಿ ನಮ್ಮ ಹಾಡು, ನಮ್ಮ ಕಾಡು, ನಮ್ಮ ಆದಿವಾಸಿ ಹಾಡಿಯ ಮಾತು ಸೇರಿಸಿ ಕಾರ್ಡು ಮಾಡಿದರು. ಗೋಡೆಯ ಕೆಳಗಡೆ, ಮಗುವಿನ ಕೈಗೆ ಎಟುಕುವ ಎತ್ತರಕ್ಕೆ, ಕಪ್ಪು ಬಣ್ಣ ಬಳಿದು ಪ್ರತಿ ಮಗುವಿಗೂ ಒಂದು ಚೌಕ ಬಿಟ್ಟರು. ಅದು ಅವರದೇ ಕೂಸು. ಹಾಗಾಗಿ ಜೋಪಾನ ಮಾಡಿದರು.

2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಶಾಲೆಗೆ ಅದೇ ಕಾರ್ಡು ಹೋಯಿತು. ಛಾಪಾ ಆಗಿ ಬಂಡಲ್‌ನಲ್ಲಿ. ಎಷ್ಟೋ ಕಡೆ ಬಂಡಲ್ ಬಿಚ್ಚಲೇ ಇಲ್ಲ, ಕಾರ್ಡು ಹರಿದೀತು ಅಂತ ಬೀರುವಿನಲ್ಲಿ ಇಟ್ಟು ಬೀಗ ಹಾಕಿದರು. ಬಿಚ್ಚಿದ ಶಾಲೆ ಯಾವುದು, ಬೀಗ ಹಾಕಿದ ಶಾಲೆ ಯಾವುದು ಅಂತ ನೋಡಿದರೆ ವ್ಯತ್ಯಾಸ ಒಂದೇ. ಮಕ್ಕಳು ಹರಿದರೆ ಹರಿಯಲಿ, ಆಡಿಟ್‌ಗೆ ನಾನು ಉತ್ತರ ಕೊಡುತ್ತೇನೆ ಅನ್ನುವ ಹೆಡ್‌ಮಾಸ್ಟರ್ ಅಲ್ಲಿ ಇದ್ದನೋ ಇಲ್ಲವೋ ಅಷ್ಟೇ.

ಇನ್ನು ನನ್ನದು. ಬಡ್ತಿ ಸಿಕ್ಕಾಗ ನನಗೆ 58. ನಿವೃತ್ತಿ 60ಕ್ಕೆ. ಬೇರೆ ಊರಿನ ಶಾಲೆ, ಮಕ್ಕಳ ಹೆಸರು ಗೊತ್ತಾಗುವ ಹೊತ್ತಿಗೆ ಪಿಂಚಣಿ ಕಾಗದ ತಯಾರು ಮಾಡಿಕೊಳ್ಳಬೇಕಾಯಿತು. ಬಡ್ತಿ ಅನ್ನುವುದು ನಮ್ಮಲ್ಲಿ ಸೇವೆಗೆ ಕೊಡುವ ಬಹುಮಾನ. ಆ ಕೆಲಸ ಯಾರಿಗೆ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಧಾರವಾಡದಲ್ಲಿ ಮುಖ್ಯ ಶಿಕ್ಷಕರ ತರಬೇತಿ ಇದೆ, ನಾನೂ ಹೋಗಿದ್ದೆ, ಚೆನ್ನಾಗಿಯೇ ಇತ್ತು. ಆದರೆ 58ಕ್ಕೆ ಈಜು ಕಲಿಸಿ 60ಕ್ಕೆ ದಡ ಹತ್ತಿಸಿದರೆ ಏನು ಬಂತು? ಈಗಂತೂ 2017ರ ವೃಂದ ಮತ್ತು ನೇಮಕಾತಿ ನಿಯಮದ ಜಗಳ ಬೇರೆ. ಹಳಬರನ್ನು ಒಂದರಿಂದ ಐದಕ್ಕೆ ಕಟ್ಟಿಹಾಕಿದರು ಅಂತ 2024ರ ಆಗಸ್ಟ್‌ನಲ್ಲಿ ಶಿಕ್ಷಕರು ಫ್ರೀಡಂ ಪಾರ್ಕ್ ತುಂಬಿದ್ದರು.

ಥೇಮ್ಸ್_ದಂಡೆ:

ನಾನು ಇಂಗ್ಲೆಂಡಿನಲ್ಲಿ ಇದ್ದೇನೆ, ಮಗಳ ಪ್ರೈಮರಿ ಶಾಲೆಯ ಗವರ್ನರ್ ಮಂಡಳಿಯಲ್ಲಿ ಒಬ್ಬ. ಹೋಲಿಕೆಗೆ ಅಷ್ಟೇ ಹೇಳುತ್ತೇನೆ, ಇಲ್ಲಿನದನ್ನು ಅಲ್ಲಿಗೆ ತಗೊಂಡು ಹೋಗಿ ಅಂತಲ್ಲ. ಇಲ್ಲಿ ಹೆಡ್‌ಟೀಚರ್ ಹುದ್ದೆಗೆ ಜಾಹೀರಾತು ಹಾಕುತ್ತಾರೆ. ಮೂವತ್ತೈದರವರೂ ಅರ್ಜಿ ಹಾಕಬಹುದು. ನಾವು ಗವರ್ನರುಗಳೇ ಸಂದರ್ಶನ ಮಾಡುತ್ತೇವೆ, ಮಕ್ಕಳ ಒಂದು ಗುಂಪೂ ಅವರಿಗೆ ಪ್ರಶ್ನೆ ಕೇಳುತ್ತದೆ. 2011ರಿಂದ ಬಡ ಮಕ್ಕಳ ಲೆಕ್ಕ ಹಿಡಿದು ಶಾಲೆಗೆ ಪ್ರತ್ಯೇಕ ಹಣ ಬರುತ್ತದೆ, ಅದನ್ನು ಹೇಗೆ ಖರ್ಚು ಮಾಡಿದೆ ಅಂತ ಹೆಡ್ ನಮಗೆ ವಿವರಿಸಬೇಕು. ಕೆಟ್ಟದ್ದೂ ಇದೆ. ತಪಾಸಣೆಯವರು ಇಡೀ ಶಾಲೆಗೆ ಒಂದೇ ಪದದ ಗ್ರೇಡ್ ಕೊಟ್ಟು ಹೋಗುತ್ತಿದ್ದರು. ಆ ಭಯದಲ್ಲೇ ಎಷ್ಟೋ ಹೆಡ್‌ಗಳು ಕೆಲಸ ಬಿಟ್ಟರು. 2024ರ ಸೆಪ್ಟೆಂಬರ್‌ನಲ್ಲಿ ಆ ಪದ್ಧತಿ ತೆಗೆದರು.

ಲೆಕ್ಕ_ತಪ್ಪಿದವ:

ನಮ್ಮಲ್ಲಿ ಎಸ್‌ಡಿಎಂಸಿ (ಪೋಷಕರ ಶಾಲಾಭಿವೃದ್ಧಿ ಸಮಿತಿ) ಸಂದರ್ಶನ ಮಾಡಿದರೆ ಹೆಡ್‌ಮಾಸ್ಟರ್ ಯಾವ ಪಾರ್ಟಿಯವರಾಗಿರಬೇಕು ಅಂತ ಊರ ಗೌಡ್ರು ಹೇಳ್ತಾರೆ. ಬೇಡಪ್ಪಾ ಬೇಡ.

ಮಳೆಗಾಲದ_ಕೊಡೆ:

ಮಲೆನಾಡಿನವಳು ನಾನು. ನನ್ನ ಇಬ್ಬರೂ ಮಕ್ಕಳು ಕರ್ನಾಟಕ ಪಬ್ಲಿಕ್ ಶಾಲೆಯಲ್ಲಿ. 2018-19ರಲ್ಲಿ 176 ಶಾಲೆ ಅಂತ ಶುರುವಾಯಿತಲ್ಲ, ಅದರಲ್ಲಿ ಒಂದು. ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಕಾಂಪೌಂಡು. ಐದಾದ ಮೇಲೆ ಎಲ್ಲಿಗೆ, ಏಳಾದ ಮೇಲೆ ಎಲ್ಲಿಗೆ ಅನ್ನುವ ತಲೆಬಿಸಿ ಇಲ್ಲ. ಹೆಣ್ಣು ಮಕ್ಕಳು ಮಧ್ಯದಲ್ಲಿ ಬಿಡುವುದು ಕಮ್ಮಿಯಾಗಿದೆ, ನಮ್ಮೂರಿನ ಮಟ್ಟಿಗೆ ಹೇಳುತ್ತಿದ್ದೇನೆ. ಇಂಗ್ಲಿಷ್ ವಿಭಾಗ ಶುರುವಾದ ಮೇಲೆ ಅಡ್ಮಿಷನ್ ದಿನ ಬೆಳಗಿನ ಜಾವ ಐದಕ್ಕೆ ಕ್ಯೂ. ಸರ್ಕಾರಿ ಶಾಲೆಗೆ ಕ್ಯೂ ಅಂತ ಕೇಳಿದರೆ ನಮ್ಮಪ್ಪ ನಂಬುತ್ತಿರಲಿಲ್ಲ.

ಬೇಜಾರಿನ ಸಂಗತಿ, ಸುತ್ತಲ ಮೂರು ಸಣ್ಣ ಶಾಲೆ ಬರಿದಾಗುತ್ತಿವೆ. ಒಂದರಲ್ಲಿ ಈಗ ಏಳು ಮಕ್ಕಳು. ಅವು ಯಾರ ಮಕ್ಕಳು ಅಂತೀರಾ? ತೋಟದ ಲೈನ್ ಮನೆಯ ಕೂಲಿಯವರದ್ದು. ಬೆಳಗಿನ ಜಾವ ಕ್ಯೂ ನಿಲ್ಲಲು ಅವರಿಗೆ ರಜೆ ಸಿಗುವುದಿಲ್ಲ. ಮಳೆಗಾಲದಲ್ಲಿ ಹಳ್ಳ ದಾಟಿ ನಾಲ್ಕು ಕಿಲೋಮೀಟರ್ ಪುಟ್ಟ ಮಗುವನ್ನು ಕಳಿಸುವುದೂ ಆಗುವುದಿಲ್ಲ. ದೊಡ್ಡ ಶಾಲೆ ಮಾಡಿ, ಬೇಡ ಅನ್ನುವುದಿಲ್ಲ. ಬಸ್ ಎಲ್ಲಿ ಅಂತ ಕೇಳುತ್ತಿದ್ದೇನೆ. ಮೊದಲು ಎಂಟನೇ ಕ್ಲಾಸಿಗೆ ಸೈಕಲ್ ಆದರೂ ಕೊಡುತ್ತಿದ್ದರು, ಕೊರೊನಾ ಬಂದ ಮೇಲೆ ಅದೂ ನಿಂತಿತು.

ಹಾಸ್ಟೆಲ್_ರೂಂ_7:

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಎಲ್ಲರೂ ಒಳ್ಳೆ ಹೆಡ್‌ಮಾಸ್ಟರನ್ನು ನೆನೆಯುತ್ತಿದ್ದೀರಿ. ಇನ್ನೊಂದು ಥರದವರ ಬಗ್ಗೆ ನಾನು ಹೇಳುತ್ತೇನೆ.

ನಾನು ದಲಿತರ ಮನೆಯ ಹುಡುಗಿ. ಏಳರ ತನಕ ನಮ್ಮೂರಲ್ಲಿ, ಎಂಟರಿಂದ ಹತ್ತು ಹೋಬಳಿಯ ಹೈಸ್ಕೂಲಿನಲ್ಲಿ, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲಿನಲ್ಲಿದ್ದುಕೊಂಡು ಓದಿದೆ. ಸಿಇಟಿ ಬರೆದೆ. ಒಂದರಿಂದ ಹತ್ತು ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲು ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ 5. ಎರಡೂ ನನಗೆ ಸಲ್ಲುತ್ತಿತ್ತು. ಅದಕ್ಕೆ ಓದಿದ ಎರಡೂ ಶಾಲೆಯ ಮುಖ್ಯ ಶಿಕ್ಷಕರ ಸಹಿ ಬೇಕು, ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ. ಹೈಸ್ಕೂಲಿನವರು ಅರ್ಧ ಗಂಟೆಯಲ್ಲಿ ಮಾಡಿಕೊಟ್ಟರು, ಟೀ ಕುಡಿಸಿ ಕಳಿಸಿದರು. ಪ್ರಾಥಮಿಕ ಶಾಲೆಯವರು ಮೂರು ಸಲ ಓಡಾಡಿಸಿದರು. ದಾಖಲೆ ಪುಸ್ತಕ ಬೀರುವಿನಲ್ಲಿದೆ, ಬೀಗದ ಕೈ ಮನೆಯಲ್ಲಿದೆ ಅಂತ. ನಾಲ್ಕನೇ ಸಲ ಹೋದಾಗ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ನಿಮಗೆಲ್ಲ ಕೋಟಾ ಇದ್ದೇ ಇದೆಯಲ್ಲಮ್ಮ, ಇದು ಬೇರೆ ಯಾಕೆ?"

ಬೀಗದ ಕೈ ಅವರ ಸೊಂಟದಲ್ಲೇ ಇತ್ತು. ನಾನು ನೋಡುತ್ತಿದ್ದೆ.

ಹಾಗಾಗಿ @ತೊಗರಿಹೊಲ ಅಣ್ಣಾ, ನಿಮ್ಮ ಮನೆಗೆ ದೀಪ ಹಿಡಿದು ಬಂದವರ ಮೇಲೆ ನನಗೆ ಗೌರವ ಇದೆ. ಆದರೆ ಅವರು ಯಾರ ಮನೆಗೆ ಬರುತ್ತಿದ್ದರು, ಯಾವ ಕೇರಿಗೆ ಬರುತ್ತಿರಲಿಲ್ಲ ಅಂತಲೂ ಕೇಳಬೇಕಾಗುತ್ತದೆ. ಒಬ್ಬ ಮನುಷ್ಯನ ಒಳ್ಳೆತನದ ಮೇಲೆ ನನ್ನ ಮಗಳ ಭವಿಷ್ಯ ನಿಲ್ಲಬಾರದು. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಕೊಡುವ ಬಗ್ಗೆ ಮಿಲ್ಲರ್ ಸಮಿತಿ ಕೂತದ್ದು, ಆಮೇಲೆ 1975ರಲ್ಲಿ ಹಿಂದುಳಿದ ವರ್ಗಗಳ ಮೀಸಲಿನ ಬಗ್ಗೆ ಹಾವನೂರು ವರದಿ ಬಂದದ್ದು, ಹಾಸ್ಟೆಲುಗಳು ಆದದ್ದು, ಇವೆಲ್ಲ ಯಾಕೆ? ಯಾರದೋ ದಯೆಗೆ ಕಾಯುವುದು ಬೇಡ ಅಂತ ತಾನೇ?

ನನ್ನ ಪ್ರಶ್ನೆ ಬೇರೆ. ಮಗುವಿನ ಹೆಸರು, ಜಾತಿ, ಕ್ಲಾಸು, ಶಾಲೆ ಎಲ್ಲ ಸ್ಯಾಟ್ಸ್‌ನಲ್ಲಿದೆ. ಜಾತಿ-ಆದಾಯ ನಾಡಕಚೇರಿಯ ಕಂಪ್ಯೂಟರಿನಲ್ಲಿದೆ. ಎರಡೂ ಸರ್ಕಾರದ್ದೇ. ಹಾಗಿದ್ದ ಮೇಲೆ ಐದನೇ ಕ್ಲಾಸಿನ ಮಗು ಅರ್ಜಿ ಯಾಕೆ ಹಾಕಬೇಕು? ಸರ್ಕಾರಿ ಶಾಲೆಯ ಐದನೇ ಕ್ಲಾಸಿನ ಎಲ್ಲ ಮಕ್ಕಳಿಗೂ ಹಾಲ್ ಟಿಕೆಟ್ ತಾನಾಗಿಯೇ ಬರಲಿ. ಬೇಡ ಅನ್ನುವವರು ಬೇಡ ಅಂತ ಬರೆದು ಕೊಡಲಿ. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಮೆಡಿಕಲ್ ಸೀಟಿನಲ್ಲಿ ಶೇ 7.5 ಅಂತ ತಂದಿತಲ್ಲ, ನಾವು ಕನಿಷ್ಠ ಇಷ್ಟಾದರೂ ಮಾಡಬಹುದಲ್ವಾ?

ತೊಗರಿಹೊಲ:

ಎರಡು ಗಂಟೆಯಿಂದ ಉತ್ತರ ಬರೆದು ಅಳಿಸುತ್ತಿದ್ದೇನೆ. ನೀವು ಕೇಳಿದ್ದು ಸರಿ. ನಮ್ಮೂರಿನ ಕೆಳಗಿನ ಓಣಿಯಿಂದ ನನ್ನ ಜೊತೆ ಇನ್ನೂ ಇಬ್ಬರು ಐದನೇ ಕ್ಲಾಸಿನಲ್ಲಿದ್ದರು. ಒಬ್ಬ ನನಗಿಂತ ಗಣಿತದಲ್ಲಿ ಜಾಣ. ಅವರ ಮನೆ ಮುಂದೆ ಮೊಪೆಡ್ ನಿಂತಿತ್ತೋ ಇಲ್ಲವೋ ನಾನು ಇವತ್ತಿನ ತನಕ ಯೋಚನೆ ಮಾಡಿರಲಿಲ್ಲ. ಅವನು ಈಗ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ.

ಹಾಲ್ ಟಿಕೆಟ್ ತಾನಾಗಿಯೇ ಬರಲಿ ಅನ್ನುವ ಮಾತು ಪೂರ್ತಿ ಒಪ್ಪಿದೆ. ಆದರೂ 'ಮ್ಮ' ತಪ್ಪಿದ್ದನ್ನು ಸರಿ ಮಾಡಲು ಯಾರೋ ಒಬ್ಬರು ಬೇಕೇ ಬೇಕಲ್ಲ?

ಹಾಸ್ಟೆಲ್_ರೂಂ_7:

ಬೇಕು. ಆದರೆ ಅದು ಅವರ ಕೆಲಸ ಅಂತ ಇರಬೇಕು, ಉಪಕಾರ ಅಂತ ಅಲ್ಲ.

ಕುಕ್ಕರ್_ಮೂರು_ಕೂಗು:

ಎಸ್‌ಡಿಎಂಸಿ ಸದಸ್ಯೆ ನಾನು, ತುಮಕೂರು ಕಡೆ. @ಲೆಕ್ಕ_ತಪ್ಪಿದವ ಅವರು ಗೌಡ್ರ ವಿಷಯ ಹೇಳಿದ್ದು ಸುಳ್ಳಲ್ಲ. ನನ್ನನ್ನು ಸದಸ್ಯೆ ಮಾಡಿದ್ದೂ ಅರ್ಧ ಹೆಂಗಸರು ಇರಬೇಕು ಅಂತ ಕಾನೂನು ಇದೆ ಅಂತಲೇ. ಮೊದಲ ವರ್ಷ ರಿಜಿಸ್ಟರ್ ಮನೆಗೆ ಬರೋದು, ನಾನು ಒಗ್ಗರಣೆ ಹಾಕ್ತಾ ಸಹಿ ಹಾಕೋದು.

ಆಮೇಲೆ ಪಕ್ಕದ ಮನೆ ಹುಡುಗ ಎನ್‌ಎಂಎಂಎಸ್ ಪರೀಕ್ಷೆ ತಪ್ಪಿಸಿಕೊಂಡ. ಎಂಟನೇ ಕ್ಲಾಸಿನಲ್ಲಿ ಬರೆಯೋ ಪರೀಕ್ಷೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ನಾಲ್ಕು ವರ್ಷಕ್ಕೆ 48,000. ಅವರಮ್ಮ ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಗೊತ್ತಾದಾಗ ಗೋಡೆಗೆ ಒರಗಿ ಕೂತುಬಿಟ್ಟಳು.

ಅವತ್ತಿಂದ ನಾವು ಮೂವರು ಹೆಂಗಸರು ಸೇರಿ ಒಂದು ಕೆಲಸ ಮಾಡಿದೆವು. ಶಾಲೆಯ ಹೊರಗೋಡೆ ಮೇಲೆ, ನೀರಿನ ಟ್ಯಾಂಕ್ ಪಕ್ಕ, ಎಣ್ಣೆ ಬಣ್ಣದಲ್ಲಿ ಬರೆಸಿದೆವು. ಐದನೇ ಕ್ಲಾಸಿನವರಿಗೆ ನವೋದಯ, ಮೊರಾರ್ಜಿ, ಕಿತ್ತೂರು ಚೆನ್ನಮ್ಮ, ಆದರ್ಶ ವಿದ್ಯಾಲಯ. ಎಂಟನೆಯವರಿಗೆ ಎನ್‌ಎಂಎಂಎಸ್. ಪಕ್ಕದಲ್ಲಿ ದಿನಾಂಕಕ್ಕೆ ಖಾಲಿ ಜಾಗ, ಸೀಮೆಸುಣ್ಣದಲ್ಲಿ ಬರೆಯೋಕೆ. ಕೆಳಗೆ ಬೇಕಾದ ಕಾಗದ. ನೀರು ಹಿಡಿಯೋಕೆ ಬರೋ ಹೆಂಗಸರು ಓದ್ತಾರೆ, ಓದೋಕೆ ಬಾರದವರು ಮಕ್ಕಳ ಕೈಲಿ ಓದಿಸ್ತಾರೆ. ಪೇಂಟರ್‌ಗೆ 1,800 ಆಯಿತು. ಶಾಲೆ ಅನುದಾನದಲ್ಲಿ ಬರಲ್ಲ ಅಂದರು, ನಾವೇ ಹಾಕಿದೆವು. ಹೆಡ್‌ಮಾಸ್ಟರ್ ಮೊದಲು ಸಿಡಿಮಿಡಿ ಮಾಡಿದರು, ಇಲಾಖೆಯವರು ಕೇಳಿದರೆ ಅಂತ. ಈಗ ಬಿಇಒ ಬಂದರೆ ಮೊದಲು ಅದನ್ನೇ ತೋರಿಸ್ತಾರೆ, ಅವರೇ ಮಾಡಿಸಿದ್ದು ಅನ್ನೋ ಥರ. ತೋರಿಸಲಿ ಬಿಡಿ.

ಆಟೋ_ಮೀಟರ್:

ಅಕ್ಕಾ, ಆ ಗೋಡೆ ಫೋಟೊ ಹಾಕಿ. ನಮ್ಮ ಏರಿಯಾದಲ್ಲೂ ಬರೆಸೋಣ, ಪೇಂಟರ್ ನನ್ನ ಸ್ನೇಹಿತನೇ ಇದ್ದಾನೆ.

ಹಳೇ_ಗಂಟೆ:

ಐದನೆಯವರಿಗೆ ಸೈನಿಕ ಶಾಲೆ ಪರೀಕ್ಷೆಯನ್ನೂ ಸೇರಿಸಿ. ಆಮೇಲೆ ಆದಾಯ ಪತ್ರದ ಅವಧಿ ಮುಗಿದಿದೆಯಾ ನೋಡಿಕೊಳ್ಳಿ ಅಂತಲೂ ಬರೆಸಿ. ಐದು ವರ್ಷಕ್ಕೆ ಮುಗಿಯುತ್ತದೆ. ಒಂದನೇ ಕ್ಲಾಸಿಗೆ ಸೇರಿಸುವಾಗ ಮಾಡಿಸಿದ್ದು ಸರಿಯಾಗಿ ಫಾರಂ ತುಂಬುವ ಹೊತ್ತಿಗೆ ಕೈಕೊಡುತ್ತದೆ.

ತೊಗರಿಹೊಲ:

ಮೂರು ವಾರ ಆಯಿತು. ಕೇಳಿದವರಿಗೆ ಹೇಳುತ್ತಿದ್ದೇನೆ. ಪ್ರಭಾರ ಗುರುಗಳು ಸಿಕ್ಕರು. ಕೆಟ್ಟವರಲ್ಲ, ಕಣ್ಣ ಕೆಳಗೆ ಕಪ್ಪಾಗಿತ್ತು. ಪತ್ರ ಬರೆದು ಕೊಟ್ಟರು. 'ಮ್ಮ' ಈಗ ಎಲ್ಲ ಕಡೆ ಇದೆ. ಈ ವರ್ಷದ ಮೊರಾರ್ಜಿ ಹೋಯಿತು, ಅದು ವಾಪಸ್ ಬರುವುದಿಲ್ಲ. ಆರಕ್ಕೆ ಪಕ್ಕದ ಊರಿಗೆ ಹೋಗುತ್ತಾಳೆ, ಎರಡು ಕಿಲೋಮೀಟರ್. ಎಂಟರಲ್ಲಿ ಎನ್‌ಎಂಎಂಎಸ್ ಬರೆಸುತ್ತೇನೆ, ಫೋನಿನಲ್ಲಿ ಈಗಲೇ ಅಲಾರಂ ಇಟ್ಟಿದ್ದೇನೆ. ಪುಣೆಯ ಸ್ನೇಹಿತನಿಗೂ ಫೋನ್ ಮಾಡಿದೆ. ಅವನ ಮಗ ನಾಲ್ಕನೇ ಕ್ಲಾಸಂತೆ, ಅಲ್ಲೇ ಮರಾಠಿ ಶಾಲೆ.

ಸೀಮೆಸುಣ್ಣ:

ನಾನೂ ಒಂದು ವರದಿ ಒಪ್ಪಿಸುತ್ತೇನೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ನಾಲ್ಕು ಮತ್ತು ಐದನೇ ಕ್ಲಾಸಿನ ಎಲ್ಲರ ಆಧಾರ್ ತರಿಸಿ ಸ್ಯಾಟ್ಸ್ ಪಕ್ಕ ಇಟ್ಟುಕೊಂಡು ಕೂತೆ. 29 ಮಕ್ಕಳಲ್ಲಿ 11 ಜನರದ್ದು ಹೊಂದುತ್ತಿಲ್ಲ. ನನ್ನ ಮೂಗಿನ ಕೆಳಗೆ, ಇಷ್ಟು ವರ್ಷ. ಹೆಚ್ಚಿನವು ಇನಿಷಿಯಲ್ ತಪ್ಪು. ಇಬ್ಬರು ಅಣ್ಣತಮ್ಮಂದಿರು ಇದ್ದಾರೆ, ದಾಖಲೆ ಪ್ರಕಾರ ಇಬ್ಬರೂ ಹುಟ್ಟಿದ್ದು ಜೂನ್ 1, ಒಂದೇ ವರ್ಷ. ಸೇರಿಸುವಾಗ ತಾರೀಕು ಗೊತ್ತಿಲ್ಲ ಅಂದವರಿಗೆಲ್ಲ ಜೂನ್ 1 ಬರೆಯುವುದು ನಮ್ಮ ಹಳೇ ಚಾಳಿ. ಬರೆದ ಅಕ್ಷರ ನೋಡಿದೆ, ನನ್ನದೇ.

ಅವಳಿಗಳಂತೂ ಅಲ್ಲ. ದೊಡ್ಡವನು ನನ್ನ ಭುಜಕ್ಕೆ ಬಂದಿದ್ದಾನೆ. ಸಂಜೆ ಅವರ ಮನೆಗೆ ಹೋಗಬೇಕು, ಹುಟ್ಟಿದ ದಿನ ಬರೆದಿರುವ ತಾಯಿ ಕಾರ್ಡು ಇದೆಯಾ ಕೇಳಿಕೊಂಡು ಬರುತ್ತೇನೆ.